ಪತ್ರಾಸ್ ಕಾಕಾ ಕಟ್ಟಿದ ಜಾಳಿಗೆ

ಕಳೆದ ತಿಂಗಳು ರೋಣದ ನಮ್ಮ ತವರುಮನೆಯ ಪತ್ರಾಸ್ ಬಿಚ್ಚುವ ದಿನ ನಾನೂ ಹೋಗಿದ್ದೆ. ನನ್ನ ತಮ್ಮ ಆ ಹಳೆಯ ತಗಡಿನ ಛಾವಣಿ ತೆಗೆಸಿ ಸ್ಲ್ಯಾಬ್ ಹಾಕಿಸುತ್ತಿದ್ದಾನೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ. ಗಜೇಂದ್ರಗಡದಿಂದ ಬಸ್ಸು ಹತ್ತಿ ಬಂದು, ಅಂಗಳದ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಕೆಲಸ ಮಾಡುವವರಿಗೆಲ್ಲ ಅಡ್ಡವಾಗಿ ಕೂತಿದ್ದೆ. ಮೇಲಿನವರು ಹುಕ್ಕುಗಳನ್ನು ಬಿಚ್ಚಿ ಬಿಚ್ಚಿ ಕೆಳಗೆ ಎಸೆಯುತ್ತಿದ್ದರು. ಅದರಲ್ಲೊಂದು ಉರುಳಿಕೊಂಡು ಬಂದು ನನ್ನ ಚಪ್ಪಲಿಗೆ ಅಂಟಿತು. ಛತ್ರಿಯ ಹಿಡಿಕೆಯಂತೆ ಬಗ್ಗಿದ, ತುಕ್ಕು ಹಿಡಿದ ಹುಕ್ಕು. ಅದರ ಕೊರಳಿಗೆ ಕರಿಯ ಡಾಂಬರಿನ ವಾಶರ್. ಬಿಸಿಲಿಗೆ ಮೆತ್ತಗಾಗಿತ್ತು. ಹೊಸ ಚಪ್ಪಲಿ ಹಾಳಾಯಿತೆಂದು ಬೈದುಕೊಳ್ಳುತ್ತ ಅದನ್ನು ಕಿತ್ತೆ. ಬೆರಳಿಗೆ ಹತ್ತಿದ ಡಾಂಬರು ಮೂಗಿನ ಹತ್ತಿರ ಬಂದದ್ದೇ ತಡ, ಬೈಗುಳ ಅರ್ಧಕ್ಕೇ ನಿಂತುಹೋಯಿತು. ಅದು ನಮ್ಮ ಪತ್ರಾಸ್ ಕಾಕಾನ ವಾಸನೆ...

ಕಾಕಾ ನಮಗೆ ಸಂಬಂಧಿಕನಲ್ಲ, ಎದುರುಮನೆಯವನು. ಅಪ್ಪನನ್ನು ಅಣ್ಣಾ ಎನ್ನುತ್ತಿದ್ದ, ಅವ್ವನನ್ನು ವೈನಿ ಎನ್ನುತ್ತಿದ್ದ, ಹಾಗಾಗಿ ನಮಗೆ ಕಾಕಾ. ಅವನ ಹೆಂಡತಿ ಕಾಕು. ಆಗ ನಮ್ಮ ಓಣಿಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಮಾಳಿಗೆಯೆಂದರೆ ನಮಗೆ ಮನೆಯ ಇನ್ನೊಂದು ಅಂಗಳ. ಅಲ್ಲೇ ಮೆಣಸಿನಕಾಯಿ ಒಣಗುತ್ತಿತ್ತು, ಅಲ್ಲೇ ಶಾವಿಗೆ, ಬೇಸಿಗೆಯಲ್ಲಿ ಅಲ್ಲೇ ನಿದ್ದೆ. ಹೆಂಗಸರ ಜಗಳವೂ ಮಾಳಿಗೆಯಿಂದ ಮಾಳಿಗೆಗೇ ನಡೆಯುತ್ತಿತ್ತು, ಕೆಳಗಿಳಿಯುವ ತೊಂದರೆಯಿಲ್ಲದೆ. ಹೊಳೆ ಉಕ್ಕಿ ಬಂದ ಒಂದು ವರ್ಷ ಕೊಣ್ಣೂರು, ಹೊಳೆಆಲೂರಿನ ಕಡೆ ಮನೆ ಕಳೆದುಕೊಂಡವರಿಗೆ ತಗಡಿನ ಶೆಡ್ಡು ಹಾಕುತ್ತಿದ್ದರು. ಕಾಕಾ ಅಲ್ಲಿಗೆ ಕೂಲಿಗೆಂದು ಹೋದವನು ಕಸುಬು ಕಲಿತುಕೊಂಡು ಬಂದ. ಮುಂದೆ ಯಾರ ಮಾಳಿಗೆ ಕುಸಿದರೂ, ಯಾರಿಗೆ ಹೊಸ ಪಡಸಾಲೆ ಬೇಕಾದರೂ, ಕಾಕಾ ಬಂದು ಪತ್ರಾಸ್ ಹೊದಿಸುತ್ತಿದ್ದ.

ಅವನ ಸಾಮಾನಿನ ಚೀಲ ನೋಡುವ ಹಾಗಿತ್ತು. ದಪ್ಪ ಕ್ಯಾನ್ವಾಸಿನದು, ಕಾಕು ಹೊಲಿದದ್ದು. ನಟ್ಟು ಬಿಗಿಯುವ ಪಾನಾಕ್ಕೆ ಒಂದು ಕಿಸೆ, ತಗಡು ಕತ್ತರಿಸುವ ಕತ್ತರಿಗೆ ಉದ್ದನೆಯ ಇನ್ನೊಂದು, ತಂತಿ ತಿರುವುವ ಪಕ್ಕಡ ಜಾರದಂತೆ ಮೇಲೊಂದು ಗುಂಡಿ. ಕೈಯಿಂದ ತಿರುಗಿಸುವ ಡ್ರಿಲ್ಲನ್ನು ಮಾತ್ರ ಹಳೆಯ ಪಂಜೆಯಲ್ಲಿ ಸುತ್ತಿ ಬೇರೆ ಇಡುತ್ತಿದ್ದ. ನಮ್ಮಂಥವರು ಮುಟ್ಟಿದರೆ ಅದರ ಹಲ್ಲು ಸವೆಯುತ್ತದೆಂದು ಅವನ ನಂಬಿಕೆ. ಸುಣ್ಣ ಹಚ್ಚಿದ ದಾರವನ್ನು ಈ ತುದಿಯಿಂದ ಆ ತುದಿಗೆ ಎಳೆದು ಪಟ್ಟೆಂದು ಮಿಡಿದರೆ ತಗಡಿನ ಮೇಲೆ ಬಿಳಿಯ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆಯೇ ತೂತು, ಅದೂ ತಗಡಿನ ಏರಿನಲ್ಲಿ. ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಬೇಸಿಗೆಯಲ್ಲಿ ವಾಶರ್ ಕರಗಿ ಅವನ ಬೆರಳೆಲ್ಲ ಡಾಂಬರು. ಓಣಿಯ ಯಾವ ಕೂಸನ್ನು ಎತ್ತಿಕೊಂಡರೂ ಮೊಣಕೈಯಲ್ಲೇ ಎತ್ತಿಕೊಳ್ಳುತ್ತಿದ್ದ.

ಪತ್ರಾಸಿನ ಮೇಲೆ ಬರಿಗಾಲಲ್ಲೇ ನಡೆಯುತ್ತಿದ್ದ. ಹುಕ್ಕಿನ ಸಾಲು ಇರುವಲ್ಲಿ ಕೆಳಗೆ ಅಡ್ಡಪಟ್ಟಿ ಇರುತ್ತದೆ, ಹೆಜ್ಜೆ ಅದರ ಮೇಲೆಯೇ ಬೀಳಬೇಕು. ಕೆಲಸ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಹೆಂಗಸರನ್ನು ಅಂಗಳಕ್ಕೆ ಕರೆದು ಅದೇ ಮಾತು ಹೇಳುತ್ತಿದ್ದ.

"ಇದು ಮಾಳಗಿ ಅಲ್ರಿ ಯವ್ವಾ, ಛತ್ರಿ ಇದ್ದಂಗ. ಛತ್ರಿ ಮ್ಯಾಲ ಯಾರರ ಮೆಣಸಿನಕಾಯಿ ಒಣಾ ಹಾಕತಾರೇನು? ಮ್ಯಾಲ ಹತ್ತಬ್ಯಾಡ್ರಿ."

ಹೆಂಗಸರು ಹೂಂ ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದುದು ಬೇರೆ. ಮಣ್ಣಿನ ಮಾಳಿಗೆಗೆ ಬೆಳಕಿಂಡಿ ಇರುತ್ತಿತ್ತಲ್ಲ, ಅಡುಗೆಮನೆಗೆ ಬಿಸಿಲಿನ ಒಂದು ಕೋಲು ಇಳಿಯುತ್ತಿತ್ತಲ್ಲ, ಅದು ಪತ್ರಾಸಿನಲ್ಲೂ ಬೇಕು. ಅದಕ್ಕೆಂದೇ ಬೆಳಕಿನ ಶೀಟು ಬರುತ್ತದೆ. ತಗಡಿನ ಹಾಗೇ ಏರುತಗ್ಗು ಇರುವ, ಆದರೆ ಬೆಳಕು ಬಿಡುವ ಫೈಬರಿನದು. ಕಾಕಾನಿಗೆ ಅದು ಸೇರುತ್ತಿರಲಿಲ್ಲ. ಹೊಸದರಲ್ಲಿ ಹಾಲಿನ ಹಾಗೆ ಬೆಳ್ಳಗಿದ್ದು ಎದ್ದು ಕಾಣುತ್ತದೆ. ನಮ್ಮ ಎರೆಹೊಲದ ಧೂಳು ಒಂದೆರಡು ಬೇಸಿಗೆ ಅದರ ಮೇಲೆ ಕೂತರೆ ಮೇಲಿನಿಂದ ನೋಡುವವರಿಗೆ ತಗಡು ಯಾವುದು, ಶೀಟು ಯಾವುದು ತಿಳಿಯುವುದಿಲ್ಲ. ತಿಳಿಯದೆ ಕಾಲಿಟ್ಟರೆ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಆದರೂ ಕೇಳಿದವರಿಗೆ ಹಾಕಿಕೊಡುತ್ತಿದ್ದ. ನಮ್ಮ ಮನೆಯಲ್ಲೂ, ಮುಂದಿನ ಮಾಳಿಗೆ ಬಿಟ್ಟು ಪತ್ರಾಸ್ ಹೊದಿಸಿದ್ದ ನಡುಕೋಣೆಗೆ ಒಂದು ಹಾಕಿದ್ದ.

ಕಾಕು ಕೌದಿ ಹೊಲಿಯುತ್ತಿದ್ದಳು. ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯ ಮೇಲೇ ಮಲಗಿದವು. ಅವರ ಮನೆ ಕತ್ತಲೆ. ಹಾಗಾಗಿ ಮಧ್ಯಾಹ್ನವಾದರೆ ಸೂಜಿ ದಾರ, ಹಳೆ ಸೀರೆಯ ತುಂಡು ಎಲ್ಲ ಹೊತ್ತುಕೊಂಡು ನಮ್ಮ ನಡುಕೋಣೆಗೆ ಬಂದು ಬೆಳಕಿನ ಶೀಟಿನ ಕೆಳಗೆ ಕೂರುತ್ತಿದ್ದಳು. ಅವ್ವನೂ ಅವಳೂ ಅಕ್ಕತಂಗಿಯರಿಗಿಂತ ಹೆಚ್ಚು. ಹೊಲಿಗೆಗಿಂತ ಮಾತೇ ಉದ್ದವಾಗುತ್ತಿತ್ತು. ಅವ್ವ ಅವಳನ್ನು ಕೆಣಕುತ್ತಿದ್ದಳು: "ನಿನ್ನ ಗಂಡ ಊರಿಗೆಲ್ಲಾ ಬೆಳಕ ಹಾಕತಾನ. ನಿನಗೊಂದ ಶೀಟು ಹಾಕಾಕ ಏನ ಧಾಡಿ? ಗಂಟಬಿದ್ದ ಕೇಳ." ಕಾಕು ಮನೆಗೆ ಹೋಗಿ ಅದನ್ನೇ ಒಪ್ಪಿಸುತ್ತಿದ್ದಳು. ಕಾಕಾ ಕೇಳಿಯೂ ಕೇಳದವನ ಹಾಗಿರುತ್ತಿದ್ದ. ಅವರ ಅಡುಗೆಮನೆ ಸಣ್ಣದು, ಮಾಳಿಗೆಗೆ ಅಂಟಿಕೊಂಡದ್ದು. ಅದಕ್ಕೆ ಪತ್ರಾಸ್ ಹೊದಿಸಿ ಶೀಟು ಎಲ್ಲಿ ಹಾಕಿದರೂ ಮಾಳಿಗೆಯಿಂದ ಒಂದು ಹೆಜ್ಜೆ. ಬೇರೆಯವರ ಮನೆಯಲ್ಲಾದರೆ ಮಾಳಿಗೆಯಿಂದ ದೂರವೇ ಹಾಕುತ್ತಿದ್ದ.

ಒಂದು ಮಳೆಗಾಲದಲ್ಲಿ ಆ ಅಡುಗೆಮನೆಯ ಮೇಲ್ಮಣ್ಣು ಕುಸಿಯಿತು. ಪತ್ರಾಸ್ ಹಾಕಲೇಬೇಕಾಯಿತು. ಬೆಳಕಿನ ಶೀಟು ಬೇಕೇ ಬೇಕೆಂದು ಕಾಕು ಹಟ ಹಿಡಿದಳು, ಕಾಕಾ ಸೋತ. ಆ ದಿನ ಕಾಕು ನಮ್ಮನ್ನೆಲ್ಲ ಕರೆದು, ಒಲೆಯ ಮುಂದೆ ಬಿದ್ದ ಬಿಸಿಲಿನಲ್ಲಿ ತನ್ನ ಅಂಗೈ ಹಿಡಿದು ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗೈಯಲ್ಲಿ ಏನೋ ಸಿಕ್ಕಿದವಳ ಹಾಗೆ ನಗುತ್ತಿದ್ದಳು...

ಅದಾಗಿ ಒಂದೆರಡು ವರ್ಷಕ್ಕೆ ನನ್ನ ಮದುವೆಯಾಯಿತು. ಮೊದಲ ಹೆರಿಗೆಗೆಂದು ತವರಿಗೆ ಬಂದೆ. ಮೆಣಸಿನಕಾಯಿ ಒಣಗಿಸುವ ದಿನಗಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ಗಾಳಿ ಎದ್ದಿತು. ಓಣಿಯ ಹೆಂಗಸರೆಲ್ಲ ಮಾಳಿಗೆಗೆ ಓಡಿದರು. ಅವ್ವ ನಮ್ಮ ಮಾಳಿಗೆಯ ಮೇಲೆ, ಕಾಕು ತನ್ನ ಮಾಳಿಗೆಯ ಮೇಲೆ, ಇಬ್ಬರೂ ಕೂಗಾಡುತ್ತ ಕಾಯಿ ಬಾಚಿ ಚೀಲಕ್ಕೆ ತುಂಬುತ್ತಿದ್ದರು. ಕಾಕುವಿನ ಒಂದಿಷ್ಟು ಕಾಯಿ ಗಾಳಿಗೆ ಉರುಳಿ ಅಡುಗೆಮನೆಯ ಪತ್ರಾಸಿನ ಮೇಲೆ ಹೋದವು. ಹತ್ತಬಾರದೆಂಬ ಮಾತು ಅವಳಿಗೆ ಗೊತ್ತಿರಲಿಲ್ಲವೇ? ಗಂಡನಿಗಿಂತ ಜೋರಾಗಿ ಓಣಿಗೆಲ್ಲ ಹೇಳುತ್ತಿದ್ದವಳು ಅವಳೇ. ಆದರೆ ಹುಟ್ಟಿದಾಗಿನಿಂದ ಮಾಳಿಗೆಯ ಮೇಲೆ ಓಡಾಡಿದ ಕಾಲು. ಮೇಲೆ ಹತ್ತಿದರೆ ಕೆಳಗಿರುವುದು ನೆಲವೇ ಎಂದು ಕಲಿತ ಕಾಲು. ಕಾಯಿಯ ಹಿಂದೆ ಹೋಯಿತು. ಧೂಳಿನಲ್ಲಿ ಎಲ್ಲವೂ ಒಂದೇ ಬಣ್ಣ. ಅವ್ವ ಇಲ್ಲಿಂದ "ತಂಗೀ, ಅಲ್ಲಿ ಬ್ಯಾಡಾ" ಎಂದು ಕೂಗಿದಳು. ಕೂಗು ಮುಗಿಯುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಕಾಕಾ ಆಗ ಯಾವಗಲ್ ಊರಿನಲ್ಲಿ ಇನ್ನೊಬ್ಬರ ಪತ್ರಾಸಿನ ಮೇಲಿದ್ದ. ಶೀಟು ಒಡೆದು ಒಳಗೆ ಬಿದ್ದಿದ್ದ ಕಾಕುವನ್ನು ಓಣಿಯವರೇ ಗದಗಿನ ದವಾಖಾನೆಗೆ ಒಯ್ದರು. ವಾರ ತುಂಬುವುದರೊಳಗೆ ಕಾಕು ಹೋಗಿಬಿಟ್ಟಳು.

ಅವಳ ದಿನಕರ್ಮ ಮುಗಿದ ಮೇಲೆ ಕಾಕಾ ಬೇರೆ ಯಾರನ್ನೋ ಕರೆಸಿ, ಅಡುಗೆಮನೆಯ ಒಡೆದ ಶೀಟು ತೆಗೆಸಿ, ಆ ಜಾಗಕ್ಕೆ ತಗಡು ಹಾಕಿಸಿಕೊಂಡ. ಮತ್ತೆ ಕತ್ತಲೆ. ಕೆಲಸಕ್ಕೆ ಹೋಗುವುದನ್ನೂ ಬಿಟ್ಟ. ಅವ್ವ ಅವನೊಂದಿಗೆ ಮಾತು ಬಿಟ್ಟಳು. ಎದುರುಬದುರು ಮನೆ, ದಿನಾ ಮುಖ ನೋಡಬೇಕು, ಆದರೂ ಮಾತಿಲ್ಲ. "ಹಾಕಬಾರದು ಅಂತ ಅವಂಗ ಗೊತ್ತಿತ್ತು, ಗೊತ್ತಿದ್ದೂ ಹಾಕಿದಾ," ಎಂದು ನನ್ನ ಮುಂದೆ ಹಲ್ಲು ಕಡಿಯುತ್ತಿದ್ದಳು. ನನಗೂ ಅವಳ ಮಾತು ಸರಿಯೆನಿಸುತ್ತಿತ್ತು, ಕಾಕಾನನ್ನು ನೋಡಿದರೆ ಪಾಪವೆಂದೂ ಅನಿಸುತ್ತಿತ್ತು.

ನನಗೆ ಹೆಣ್ಣುಮಗು ಹುಟ್ಟಿತು. ಬೆಳಕು ಚೆನ್ನಾಗಿದೆಯೆಂದು ನಡುಕೋಣೆಯಲ್ಲೇ ತೊಟ್ಟಿಲು ಕಟ್ಟಿದೆವು. ಓಣಿಯವರೆಲ್ಲ ಕೂಸು ನೋಡಲು ಬಂದಂತೆ ಕಾಕಾನೂ ಬಂದ. ಬಾಗಿಲಲ್ಲೇ ನಿಂತ. ಕೂಸನ್ನು ನೋಡುವ ಬದಲು ತಲೆಯೆತ್ತಿ ಮೇಲೆ ನೋಡಿದ. ತೊಟ್ಟಿಲ ನೆತ್ತಿಗೆ ಸರಿಯಾಗಿ ಅವನೇ ಹಾಕಿದ ಬೆಳಕಿನ ಶೀಟು.

"ತೊಟ್ಟಲಾ ಸರಿಸ್ರಿ ವೈನಿ," ಎಂದ. ಅವ್ವ ತೊಟ್ಟಿಲು ತೂಗುತ್ತಲೇ ಇದ್ದಳು. "ಶೀಟಿನ ಕೆಳಗ ತಂತಿ ಜಾಳಗಿ ಕಟ್ಟತೀನ್ರಿ. ಮ್ಯಾಲಿಂದ ಏನ ಬಿದ್ರೂ ತಡೀತೈತಿ. ಒಂದ ದಿನದ ಕೆಲಸ."

ಅವ್ವನಿಗೆ ಸಿಟ್ಟು ನೆತ್ತಿಗೇರಿತು. "ಸತ್ತ ಮನೀ ಸುತ್ತಗಿ ತಂದು ಹಸಗೂಸಿನ ತಲೀ ಮ್ಯಾಲ ಹೊಡೀತೀರೇನು? ಹ್ವಾದಾಕಿ ಹ್ವಾದ್ಲು. ಇನ್ನ ನಮ್ಮ ಮನೀ ತಂಟೆಕ್ಕ ಬರಬ್ಯಾಡ್ರಿ."

ಅವನು ಹೋದ. ಮರುದಿನ ಮತ್ತೆ ಬಂದ. ಅದರ ಮರುದಿನವೂ. ಒಳಗೆ ಬರುತ್ತಿರಲಿಲ್ಲ. ಅಂಗಳದಲ್ಲಿ ನಿಂತು, "ತೊಟ್ಟಲಾ ಸರಿಸೀರೇನ್ರಿ ವೈನಿ?" ಎಂದು ಕೇಳಿ ತಿರುಗಿ ಹೋಗುತ್ತಿದ್ದ. ಕೂಸಿಗೆ ಹೆಸರಿಡುವ ದಿನವೂ ಊಟಕ್ಕೆ ಕೂರದೆ ಅದನ್ನೇ ಕೇಳಿದ. ಓಣಿಯವರು ಇವನಿಗೆ ತಲೆ ಕೆಟ್ಟಿದೆ ಎಂದರು. ಸರಿಸಿದ್ದೇವೆಂದು ಅವ್ವ ಒಮ್ಮೆ ಸುಳ್ಳು ಹೇಳಿ ಕಳಿಸಿದಳು. ಆದರೆ ತೊಟ್ಟಿಲು ಅಲ್ಲೇ ಇತ್ತು. ಅವ್ವನ ಹಟವೂ ಅಲ್ಲೇ ಇತ್ತು.

ಹಟ ಮುರಿದದ್ದು ಮಂಗಗಳು. ನಮ್ಮ ಕಡೆಯ ಮಂಗಗಳ ಕಾಟ ಹೇಳತೀರದು; ಪತ್ರಾಸಿನ ಮೇಲೆ ಹಿಂಡಾಗಿ ಓಡಿದರೆ ಮನೆಯೊಳಗೆ ಡೊಳ್ಳು ಬಡಿದ ಹಾಗೆ. ಒಂದು ಬೆಳಿಗ್ಗೆ ಅವ್ವ ಕೂಸಿಗೆ ಎರೆದು ತೊಟ್ಟಿಲಿಗೆ ಹಾಕಿದ್ದಳು. ಒಂದು ದೊಡ್ಡ ಮಂಗ ಎಲ್ಲಿಂದಲೋ ಹಾರಿ ಧೊಪ್ಪೆಂದು ಬೆಳಕಿನ ಶೀಟಿನ ಮೇಲೆ ಬಿತ್ತು. ಶೀಟು ಕೆಳಕ್ಕೆ ಬಗ್ಗಿತು. ಕೂಸಿನ ಮೈಮೇಲೆಲ್ಲ ಅದರ ಕರಿಯ ನೆರಳು. ಅವ್ವ ಕಿರುಚಿ ಕೂಸನ್ನು ಬಾಚಿಕೊಂಡಳು. ಮಂಗ ಹೋಯಿತು, ಶೀಟು ಉಳಿಯಿತು. ಅವ್ವ ಕೂಸನ್ನು ನನ್ನ ಮಡಿಲಿಗೆ ಹಾಕಿ, ತಲೆಯ ಮೇಲೆ ಸೆರಗೂ ಇಲ್ಲದೆ ಎದುರುಮನೆಗೆ ಹೋದಳು. ಕಾಕು ಸತ್ತ ಮೇಲೆ ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

"ಬರ್ರಿ," ಎಂದಳು. "ನಿಮ್ಮ ಜಾಳಗಿ ತೊಗೊಂಡ ಬರ್ರಿ."

ಜಾಳಿಗೆ ಅವನ ಮನೆಯಲ್ಲಿ ಆಗಲೇ ತಂದಿಟ್ಟದ್ದು ಇತ್ತು. ಚೀಲ ಹೆಗಲಿಗೇರಿಸಿ ಬಂದ. ಶೀಟಿಗೆ ಬಿರುಕು ಬಂದಿದೆಯೇ ಮೇಲಿನಿಂದ ನೋಡಬೇಕೆಂದು ಮೊದಲು ನಿಚ್ಚಣಿಕೆ ಇಟ್ಟ. ನಾನು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ಸರಸರ ಹತ್ತಿದ, ತುದಿ ಮುಟ್ಟಿದ. ಪತ್ರಾಸಿನ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತುಬಿಟ್ಟ. ಎರಡನೆಯ ಕಾಲು ನಿಚ್ಚಣಿಕೆ ಬಿಡಲೊಲ್ಲದು. ನಿಚ್ಚಣಿಕೆ ಗೋಡೆಗೆ ಕಟಕಟ ಬಡಿಯುವುದು ಕೆಳಗೆ ನಮಗೂ ಕೇಳುತ್ತಿತ್ತು. ಅದೇ ಪತ್ರಾಸಿನ ಮೇಲೆ ಬೀಡಿ ಸೇದುತ್ತ ಓಡಾಡಿದ್ದನ್ನು ನಾನು ನೋಡಿದ್ದೆ. ಸ್ವಲ್ಪ ಹೊತ್ತಿಗೆ ಒಂದೊಂದೇ ಮೆಟ್ಟಿಲು ಇಳಿದು ಬಂದ. ನಮ್ಮ ಮುಖ ನೋಡಲಿಲ್ಲ.

"ಒಳಗಿಂದನ ಕಟ್ಟತೀನಿ," ಎಂದಷ್ಟೇ ಹೇಳಿದ.

ಟೇಬಲ್ಲಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ನಿಂತು, ತಲೆ ಹಿಂದಕ್ಕೆ ಬಗ್ಗಿಸಿ ಇಡೀ ಮಧ್ಯಾಹ್ನ ಕೆಲಸ ಮಾಡಿದ. ಜಾಳಿಗೆಯನ್ನು ಅಡ್ಡಪಟ್ಟಿಗಳಿಗೆ ತಂತಿಯಿಂದ ಬಿಗಿದು, ಪಕ್ಕಡದಲ್ಲಿ ತಿರುವಿ, ತಿರುವಿದ್ದನ್ನು ಬಗ್ಗಿಸಿ, ಅದರ ಮೇಲೆ ಮತ್ತೊಂದು ತಂತಿ. ಒಂದು ಗಂಟು ಸಾಕಾದಲ್ಲಿ ಮೂರು ನಾಲ್ಕು. ಬೆವರು ಕಣ್ಣಿಗಿಳಿದರೆ ತೋಳಿಗೆ ಒರೆಸಿಕೊಳ್ಳುತ್ತಿದ್ದ. ಕೊನೆಗೆ ಎರಡೂ ಕೈಯಿಂದ ಜಾಳಿಗೆ ಹಿಡಿದು ಸ್ಟೂಲನ್ನು ಕಾಲಿಂದ ಒದ್ದ. ಅವ್ವ "ಅಯ್ಯಯ್ಯ" ಎಂದಳು. ಕಾಕಾ ತನ್ನ ಇಡೀ ಭಾರ ಹಾಕಿ ಜೋತುಬಿದ್ದಿದ್ದ. ಒಮ್ಮೆ ಜಗ್ಗಿದ, ಮತ್ತೊಮ್ಮೆ ಜಗ್ಗಿದ. ಒಂದು ತಂತಿಯೂ ಅಲುಗಲಿಲ್ಲ.

ಟೇಬಲ್ಲಿನ ಮೇಲಿಳಿದು, "ಈಗ ತೊಟ್ಟಲಾ ಎಲ್ಲಿ ಬೇಕಾದ್ರೂ ಕಟ್ರಿ," ಎಂದ.

ಅವ್ವ ಚಹಾ ತಂದುಕೊಟ್ಟಳು. ಕೊಟ್ಟು ಅಲ್ಲೇ ಕೂತು ಅಳತೊಡಗಿದಳು. "ಗಂಟಬಿದ್ದ ಕೇಳು ಅಂತ ನಾನ ಆಕಿಗೆ ಹೇಳತಿದ್ನಿರಿ. ದಿನಾ ಇಲ್ಲೇ ಕುಂತು ನಾನ ಆಶಾ ಹಚ್ಚಿದೆ." ಇಷ್ಟು ದಿನದ ಸಿಟ್ಟು ಯಾರ ಮೇಲಿನದೆಂದು ನನಗೆ ಆಗ ತಿಳಿಯಿತು.

ಕಾಕಾ ಚಹಾದ ಬಟ್ಟಲನ್ನೇ ನೋಡುತ್ತ, "ಹಾಕಿದಾಂವ ನಾನ ವೈನಿ," ಎಂದ. ಇಬ್ಬರೂ ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಗಜೇಂದ್ರಗಡಕ್ಕೆ ಗಂಡನ ಮನೆಗೆ ಬಂದ ಮೇಲೆ ನಡೆದದ್ದು ಅವ್ವ ಹೇಳಿದ್ದು. ಮೇಲೆ ಹತ್ತುವ ಸಾಮಾನನ್ನೆಲ್ಲ, ಹಗ್ಗ, ಡ್ರಿಲ್ಲು, ಸುಣ್ಣದ ದಾರ, ಕತ್ತರಿ, ಕಾಕಾ ಇನ್ನೊಬ್ಬ ಪತ್ರಾಸಿನವನಿಗೆ ಕೊಟ್ಟುಬಿಟ್ಟ. ಕಾಕು ಹೊಲಿದ ಚೀಲದ ಕಿಸೆಗಳೆಲ್ಲ ಖಾಲಿಯಾಗಿ, ಒಂದು ಪಕ್ಕಡ, ಒಂದು ತಂತಿಯ ಸುರುಳಿ ಉಳಿದವು. ಸೈಕಲ್ಲಿನ ಹಿಂದೆ ಜಾಳಿಗೆಯ ಸುತ್ತು ಕಟ್ಟಿಕೊಂಡು, ತಾನು ಬೆಳಕಿನ ಶೀಟು ಹಾಕಿದ ಮನೆಗಳನ್ನು ಹುಡುಕಿ ಹೊರಟ. ಯಾವಗಲ್, ಹೊಳೆಆಲೂರು, ಕೊಣ್ಣೂರಿನವರೆಗೂ. ಕೂಲಿ ಬೇಡ, ಬರಿ ಒಳಗೆ ಬಿಡಿ ಎನ್ನುತ್ತಿದ್ದನಂತೆ. ಕೆಲವರು ಬಿಟ್ಟರು. ಕೆಲವರು ನಮ್ಮವ್ವನ ಹಾಗೇ ಬೈದರು, ಹೆಂಡತಿಯನ್ನು ಕಳೆದುಕೊಂಡವನು ನಮ್ಮ ಮನೆಗೂ ಕೇಡು ತರುತ್ತಾನೆಂದು ಬಾಗಿಲು ಹಾಕಿಕೊಂಡರು. ಅಂಥವರ ಕಟ್ಟೆಯ ಮೇಲೆ ಜಾಳಿಗೆಯ ತುಂಡು, ಒಂದಿಷ್ಟು ತಂತಿ ಇಟ್ಟು ಬರುತ್ತಿದ್ದ. ಅವರು ಅದನ್ನು ಕೋಳಿಗೂಡಿಗೆ ಹಚ್ಚಿಕೊಂಡದ್ದೂ ಉಂಟಂತೆ.

ಕೆಲವು ವರ್ಷ ಹೀಗೇ ಅಲೆದ. ಆಮೇಲೆ ಕೆಮ್ಮು ಹಿಡಿಯಿತು, ಸೈಕಲ್ಲು ಮೂಲೆ ಸೇರಿತು. ಕಡೆಯ ದಿನಗಳಲ್ಲಿ ನಾನೊಮ್ಮೆ ನೋಡಲು ಹೋಗಿದ್ದೆ. ಹಗಲಲ್ಲೂ ದೀಪ ಹಚ್ಚಬೇಕಾದ ಆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಗಳು ಹೇಗಿದ್ದಾಳೆ, ಗಂಡ ಹೇಗಿದ್ದಾನೆ ಎಂದು ಕೇಳಲಿಲ್ಲ.

"ನಿಮ್ಮ ನಡುಕ್ವಾಣ್ಯಾಗ ಯಾರೂ ಬಿದ್ದಿಲ್ಲಲಾ?" ಎಂದ.

"ಇಲ್ಲ ಕಾಕಾ. ಯಾರೂ ಬಿದ್ದಿಲ್ಲ."

"ಇನ್ನಾ ಬಿದ್ದಿಲ್ಲ ಅನ್ನು," ಎಂದು ಮತ್ತೆ ಗೋಡೆಗೆ ತಿರುಗಿದ.

ಹಳ್ಳಿಗಳಿಂದ ಯಾರೇ ಬಂದರೂ ಇದೇ ಪ್ರಶ್ನೆಯಂತೆ. ಇಲ್ಲವೆಂದರೆ ಅವನಿಗೆ ಸಾಲುತ್ತಿರಲಿಲ್ಲ. ಇವತ್ತು ಬಿದ್ದಿಲ್ಲ, ನಾಳೆ? ಮಳೆ ಬಂದಾಗ? ಮೆಣಸಿನಕಾಯಿ ಒಣಹಾಕಿದಾಗ? ಸಾಯುವವರೆಗೂ ಆ ಮನುಷ್ಯನಿಗೆ ಒಂದು ರಾತ್ರಿಯೂ ನೆಮ್ಮದಿಯ ನಿದ್ದೆ ಬರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಆಮೇಲೆ ಅವ್ವನೂ ಹೋದಳು...

"ಅಕ್ಕಾರ," ಎಂದು ಮೇಲಿನಿಂದ ಕೆಲಸದವನು ಕೂಗಿದ. ಅಷ್ಟರಲ್ಲಿ ಪತ್ರಾಸೆಲ್ಲ ಇಳಿದು ಅಂಗಳದಲ್ಲಿ ಪೇರಿಸಿಯಾಗಿತ್ತು. ನಡುಕೋಣೆಯ ಮೇಲೆ ಜಾಳಿಗೆಯೊಂದೇ ಉಳಿದಿತ್ತು. "ಇದನ್ನ ಯಾರ ಕಟ್ಯಾರ್ರಿ? ಪತ್ರಾಸ್ ಲಗೂನ ಬಂದ್ವು, ಇದು ಏನ ಮಾಡಿದ್ರೂ ಬಿಡವಲ್ತು."

"ಕಟರ್ ಹಚ್ಚಿ ಕೊಯ್ಯಪಾ," ಎಂದೆ.

"ಇದರ ಮ್ಯಾಲ ಯಾರರ ಬಿದ್ದಿದ್ರೇನ್ರಿ?"

"ಇಲ್ಲ. ಯಾರೂ ಬೀಳಲಿಲ್ಲ."

"ಹಂಗಾರ ಸುಮ್ಮನ ದಂಡ ಬಿಡ್ರಿ," ಎಂದು ನಕ್ಕು ಕಟರ್ ಚಾಲೂ ಮಾಡಿದ. ಕಿಡಿ ಹಾರಿದವು. ತುಸು ಹೊತ್ತಿಗೆ ಜಾಳಿಗೆ ನಡುಕೋಣೆಯ ನೆಲಕ್ಕೆ ಧಡಲ್ಲನೆ ಬಿತ್ತು, ಮೇಲೆ ಬರೀ ಆಕಾಶ ಉಳಿಯಿತು.

ಆಗ ನನಗೆ ಹೊಳೆಯಿತು. ಛಾವಣಿಯೇ ಇಲ್ಲದ ಮೇಲೆ ಇನ್ನು ಇಲ್ಲಿ ಯಾರೂ ಬೀಳುವ ಹಾಗಿಲ್ಲ. ಕಾಕಾ ಕೇಳುತ್ತಿದ್ದ ಮಾತಿಗೆ ಇವತ್ತು ಪೂರಾ ಉತ್ತರ ಸಿಕ್ಕಿತ್ತು. ಬೀಳಲಿಲ್ಲ ಕಾಕಾ, ಇನ್ನು ಬೀಳುವುದೂ ಇಲ್ಲ, ಮಲಗು ಎಂದು ಹೇಳಬೇಕೆನಿಸಿತು. ಎದ್ದು ಎದುರುಮನೆಯ ಕಡೆ ನೋಡಿದೆ. ಅದನ್ನು ಈಗ ಯಾರೋ ಗೊಬ್ಬರದ ಚೀಲ ಇಡಲು ತೆಗೆದುಕೊಂಡಿದ್ದಾರೆ. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.